ಭಿನ್ನಮೂರ್ತಿಯ ಪಾಲನೆ

ಬೇಲೂರು ಹಳೆಬೀಡುಗಳನ್ನು ಒಂದೇ ದಿನದಲ್ಲಿ ನೋಡಿ ಬರುವ ವಾಡಿಕೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೃಹಸ್ಥರಲ್ಲಿ ಬಹುಕಾಲದಿಂದ ಉಂಟು. ಮನೆಗೆ ದೂರದ ನೆಂಟರು ಬಂದಾಗ, ಮಕ್ಕಳಿಗೆ ಬೇಸಿಗೆಯ ರಜೆ ದೊರೆತಾಗ, ಬುತ್ತಿ ಕಟ್ಟಿಕೊಂಡು ಹೊರಡುವರು. ಬೆಳಿಗ್ಗೆ ಬೇಲೂರಿನಲ್ಲಿ ಚನ್ನಕೇಶವನ ದರ್ಶನವಾಗುವುದು; ತೀರ್ಥ ಪ್ರಸಾದಗಳಾಗುವುವು; ಮಧ್ಯಾಹ್ನಕ್ಕೆ ಹಳೆಬೀಡು. ಎರಡು ಊರುಗಳ ನಡುವೆ ಹದಿನಾರು ಕಿಲೋಮೀಟರುಗಳಿಗಿಂತ ಹೆಚ್ಚಿನ ದೂರವಿಲ್ಲ. ಆದರೆ ಮೊದಲನೆಯ ಊರಿನಲ್ಲಿ ಭಕ್ತನಾಗಿದ್ದವನು ಎರಡನೆಯ ಊರಿಗೆ ಬರುವಷ್ಟರಲ್ಲಿ ಪ್ರೇಕ್ಷಕನಾಗಿರುತ್ತಾನೆ. ಈ ಮಾರ್ಪಾಟು ಎಲ್ಲಿ ಆಯಿತು, ಏಕೆ ಆಯಿತು ಎಂದು ವಿಚಾರಿಸುವವರು ವಿರಳ.

ಇಂತಹ ಒಂದು ಸಂಸಾರ ಹಳೆಬೀಡಿನ ದೇವಾಲಯದ ಆವರಣದಲ್ಲಿರುವ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆಯೆಂದು ಭಾವಿಸೋಣ. ಕೈ ಮುರಿದ ದ್ವಾರಪಾಲಕರು, ಮುಖ ಸವೆದ ದೇವಿಯರು, ಸೊಂಟದವರೆಗೆ ಮಾತ್ರ ಉಳಿದ ವಿಷ್ಣು, ಇವರೆಲ್ಲ ಸಾಲಾಗಿ ಬಿಸಿಲಿನಲ್ಲಿ ನಿಂತಿರುವರು. ಮನೆಯ ಹಿರಿಯಳಾದ ಮುದುಕಿ ಒಂದು ಮೂರ್ತಿಯ ಮುಂದೆ ಬಂದು ಅಭ್ಯಾಸಬಲದಿಂದ ಕೈಗಳನ್ನು ಎತ್ತಿದಳು, ಅರ್ಧದಲ್ಲಿಯೇ ಇಳಿಸಿಬಿಟ್ಟಳು. ಪಕ್ಕದಲ್ಲಿದ್ದ ಮೊಮ್ಮಗ ಅದನ್ನು ಕಂಡನು.

“ಅಜ್ಜಿ, ಬೇಲೂರಿನಲ್ಲಿ ಕೈ ಮುಗಿ ಕೈ ಮುಗಿ ಅಂತಿದ್ದೆ. ಇಲ್ಲಿ ನೀನೇ ಯಾಕೆ ಮುಗಿಯಲಿಲ್ಲ?”

“ಇದು ಭಿನ್ನವಾಗಿದೆ, ಮಗು. ದೇವರು ಇಲ್ಲಿಂದ ಎದ್ದು ಹೋಗಿದ್ದಾನೆ.”

“ಹಾಗಾದರೆ ಇಲ್ಲಿ ನಿಂತಿರೋದು ಯಾರು?”

ಮುದುಕಿಯ ಬಳಿ ಇದಕ್ಕೆ ಉತ್ತರವಿರಲಿಲ್ಲ. ಶಾಸ್ತ್ರವನ್ನು ಓದಿದವರ ಬಳಿಯೂ ಥಟ್ಟನೆ ಕೊಡಬಹುದಾದ ಉತ್ತರವಿಲ್ಲ. ದೇವರು ಎದ್ದು ಹೋದ ಮೇಲೆ ಉಳಿದ ಶಿಲೆಗೆ ಮನುಷ್ಯನು ಏನನ್ನಾದರೂ ಸಲ್ಲಿಸಬೇಕಾದುದುಂಟೆ? ಉಂಟಾದರೆ ಅದು ಯಾವುದು? ಪ್ರಕೃತ ವಿಚಾರಿಸತಕ್ಕ ಪ್ರಶ್ನೆ ಇದು.

ಮೊದಲು ಶಾಸ್ತ್ರದ ಮಾತನ್ನು ನೋಡಬೇಕು. ಶಿಲ್ಪಿಯು ಕಡೆದ ಮಾತ್ರದಿಂದ ಶಿಲೆಯು ದೇವರಾಗುವುದಿಲ್ಲ. ಪ್ರತಿಷ್ಠೆ ಆಗಬೇಕು, ಆವಾಹನೆ ಆಗಬೇಕು, ನಿತ್ಯವೂ ಪೂಜೆ ನಡೆಯಬೇಕು. ಮೂರ್ತಿಯು ಅಂಗಹೀನವಾದರೆ ಅದರಲ್ಲಿದ್ದ ಸಾನ್ನಿಧ್ಯವನ್ನು ಕಲಶಕ್ಕೆ ಸೆಳೆದುಕೊಂಡು, ಹೊಸ ಮೂರ್ತಿಯನ್ನು ಸ್ಥಾಪಿಸಿ, ಹಳೆಯದನ್ನು ವಿಸರ್ಜಿಸಬೇಕೆಂದು ಜೀರ್ಣೋದ್ಧಾರದ ವಿಧಿ ಇದೆ. ಮರದ್ದಾದರೆ ಅಗ್ನಿಗೆ, ಶಿಲೆಯದಾದರೆ ಆಳವಾದ ನೀರಿಗೆ. ಆದುದರಿಂದ ಮುದುಕಿಯು ಕೈ ಇಳಿಸಿದುದು ಅವಿವೇಕವಲ್ಲ. ಆಕೆ ಪರಂಪರೆಯಿಂದ ಬಂದ ವಿಧಿಯನ್ನು ತನಗೆ ತಿಳಿಯದೆಯೇ ಪಾಲಿಸಿದಳು.

ಆದರೆ ಅದೇ ವಿಧಿಯನ್ನು ಇನ್ನೊಂದು ಸಲ ಪರಿಶೀಲಿಸಿದರೆ ಅದರೊಳಗೆ ಬೇರೊಂದು ಅರ್ಥವೂ ಕಾಣುವುದು. ಒಡೆದ ಮೂರ್ತಿಯನ್ನು ತಿಪ್ಪೆಗೆ ಎಸೆಯಿರೆಂದು ಶಾಸ್ತ್ರವು ಹೇಳಲಿಲ್ಲ. ಅದನ್ನು ವಿಧಿಪೂರ್ವಕವಾಗಿ ಎತ್ತಬೇಕು, ವಿಧಿಪೂರ್ವಕವಾಗಿ ಬಿಡಬೇಕು. ಪ್ರಾಣ ಹೋದ ದೇಹವನ್ನು ಯಾರೂ ಉಪಚರಿಸುವುದಿಲ್ಲ. ಆದರೂ ಅದನ್ನು ಯಾರೂ ತುಳಿಯುವುದಿಲ್ಲ. ಹಾಗೆಯೇ, ಭಿನ್ನಮೂರ್ತಿಯು ಪೂಜೆಗೆ ಅನರ್ಹವೆಂದರೆ ತಿರಸ್ಕಾರಕ್ಕೆ ಅರ್ಹವೆಂದು ಅರ್ಥವಲ್ಲ. ಪೂಜೆಗೂ ತಿರಸ್ಕಾರಕ್ಕೂ ನಡುವೆ ಒಂದು ಸ್ಥಾನವಿದೆ. ಆ ಸ್ಥಾನಕ್ಕೆ ತಕ್ಕ ನಡತೆ ಯಾವುದೆಂಬುದೇ ಕಷ್ಟವಾದ ಪ್ರಶ್ನೆ.

ಹಳೆಬೀಡು ಈ ಸ್ಥಾನಕ್ಕೆ ಬಂದ ಕಥೆ ಎಲ್ಲರಿಗೂ ಸ್ಥೂಲವಾಗಿ ತಿಳಿದಿದೆ. ವಿಷ್ಣುವರ್ಧನನು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದುದು 1117ರಲ್ಲಿ. ಅವನ ಅಧಿಕಾರಿಯಾದ ಕೇತಮಲ್ಲನ ಉದ್ಯಮದಿಂದ ದೋರಸಮುದ್ರದ ಹೊಯ್ಸಳೇಶ್ವರಾಲಯವು 1121ರ ಸುಮಾರಿಗೆ ಎದ್ದಿತು. ಎರಡೂ ಒಂದೇ ರಾಜನ ಕಾಲದವು, ಒಂದೇ ಬಳಪದ ಕಲ್ಲಿನವು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯವು ದೋರಸಮುದ್ರಕ್ಕೆ ಬಂದಿತು. 1327ರ ಸುಮಾರಿಗೆ ದೆಹಲಿಯ ಸೈನ್ಯವು ಮತ್ತೊಮ್ಮೆ ಬಂದಿತು. ಅರಸುತನ ಅಳಿದ ಮೇಲೆ ಬೀಡಾಗಿದ್ದ ಊರು ಹಳೆಯ ಬೀಡಾಯಿತು. ಬೇಲೂರಿನಲ್ಲಿ ಪೂಜೆಯೂ ರಥೋತ್ಸವವೂ ಉಳಿದುವು; ಹಳೆಬೀಡಿನಲ್ಲಿ ರಾಜಧಾನಿಯ ಹೆಸರೂ ಉಳಿಯಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಈ ಎರಡನ್ನೂ ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಒಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಪೂಜೆಯುಳ್ಳ ದೇವರಿಗೂ ಪೂಜೆಯಿಲ್ಲದ ಮೂರ್ತಿಗೂ ಒಂದೇ ಪಂಕ್ತಿ. ಇದು ಸರಿಯೆ ಎಂದು ಕೇಳುವವರು ಬೇರೊಂದು ದೇಶದ ನಡತೆಯನ್ನೂ ನೋಡುವುದು ಉಪಯುಕ್ತ.

ಹೊಯ್ಸಳ ಅರಸರು ತಮ್ಮ ಶಾಸನಗಳಲ್ಲಿ ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸಿದ್ದರು. ತಾವು ಯಾದವಕುಲದವರೆಂಬ ಅಭಿಮಾನ ಅದರಲ್ಲಿತ್ತು. ಸಮುದ್ರದಾಚೆಯ ಸಯಾಂ ದೇಶದಲ್ಲಿಯೂ, ಎಂದರೆ ಥಾಯ್‌ಲೆಂಡಿನಲ್ಲಿಯೂ, ಒಂದು ರಾಜಧಾನಿಯು ತನ್ನ ಪೂರ್ಣನಾಮದಲ್ಲಿ ದ್ವಾರವತಿಯನ್ನೂ ಶ್ರೀ ಅಯೋಧ್ಯೆಯನ್ನೂ ಸೇರಿಸಿಕೊಂಡಿತ್ತು. ಅಲ್ಲಿಯವರ ಉಚ್ಚಾರಣೆಯಲ್ಲಿ ಅದು ಅಯುತ್ಥಯಾ. 1350ರ ಸುಮಾರಿಗೆ ಸ್ಥಾಪಿತವಾದ ಆ ನಗರವು ನಾಲ್ಕು ಶತಮಾನಗಳು ಬಾಳಿ, 1767ರಲ್ಲಿ ಬರ್ಮಾ ದೇಶದ ಸೈನ್ಯದ ಕೈಗೆ ಸಿಕ್ಕಿ ಸುಟ್ಟುಹೋಯಿತು. ರಾಜಧಾನಿಯು ದಕ್ಷಿಣಕ್ಕೆ ಹೋಯಿತು. ಹಿಂದೆ ಉಳಿದುವು ಇಟ್ಟಿಗೆಯ ಗೋಪುರಗಳು, ತಲೆಯಿಲ್ಲದ ಬುದ್ಧರ ಸಾಲುಗಳು. ಯುನೆಸ್ಕೋ ಪಟ್ಟಿಗೆ ಅದು 1991ರಲ್ಲಿ ಸೇರಿತು.

ಅಲ್ಲಿಯ ಮಹಾಧಾತು ವಿಹಾರದ ಅವಶೇಷಗಳ ನಡುವೆ, ಅಶ್ವತ್ಥದ ಜಾತಿಯ ಒಂದು ಮರದ ಬೇರುಗಳ ಹೆಣಿಗೆಯಲ್ಲಿ, ಬುದ್ಧನ ಶಿರಸ್ಸೊಂದು ಸಿಕ್ಕಿಕೊಂಡಿದೆ. ಮುಂಡವಿಲ್ಲ, ಮುಖ ಮಾತ್ರ ನೆಲದ ಮಟ್ಟದಿಂದ ಸ್ವಲ್ಪ ಮೇಲೆ ಶಾಂತವಾಗಿ ನೋಡುತ್ತಿದೆ. ಅದರ ಮುಂದೆ ಚಿತ್ರ ತೆಗೆಸಿಕೊಳ್ಳಬಯಸುವವರು ಕೆಳಗೆ ಕುಳಿತುಕೊಳ್ಳಬೇಕು. ತಮ್ಮ ತಲೆ ಆ ತಲೆಗಿಂತ ಮೇಲಿರಕೂಡದು. ತಲೆಯಿಲ್ಲದ ಮೂರ್ತಿಗಳ ಹಿಂದೆ ನಿಂತು ತಮ್ಮ ಮುಖವನ್ನು ಅದರ ಕೊರಳ ಮೇಲಿಟ್ಟು ಚಿತ್ರ ತೆಗೆಸಿಕೊಳ್ಳುವ ಹುಡುಗಾಟಕ್ಕೂ ಅಲ್ಲಿ ನಿಷೇಧವಿದೆ. ಬಂದವನು ಬೌದ್ಧನೇ ಆಗಬೇಕೆಂದಿಲ್ಲ, ನಂಬಬೇಕೆಂದಿಲ್ಲ, ಹೂವನ್ನು ಇಡಬೇಕೆಂದೂ ಇಲ್ಲ. ಕುಳಿತುಕೊಂಡರೆ ಸಾಕು. ನಂಬಿಕೆಯನ್ನು ಯಾರಿಂದಲೂ ಬಲಾತ್ಕಾರವಾಗಿ ಪಡೆಯಲಾಗದು, ಭಂಗಿಯನ್ನು ಕೇಳಬಹುದು. ಪೂಜೆಗೂ ತಿರಸ್ಕಾರಕ್ಕೂ ನಡುವಣ ಸ್ಥಾನವನ್ನು ಆ ಜನರು ಕುಳಿತ ಮನುಷ್ಯನ ಎತ್ತರದಿಂದ ಅಳೆದಿರುವರು.

ಇನ್ನೊಂದು ಸಂಗತಿಯೂ ಗಮನಾರ್ಹ. ಅದೇ ನಗರದ ರಾಜಬೂರಣ ವಿಹಾರದ ನೆಲಮಾಳಿಗೆಯನ್ನು 1950ರ ದಶಕದಲ್ಲಿ ಕಳ್ಳರು ಒಡೆದು ಚಿನ್ನವನ್ನು ಒಯ್ದರು. ಬಳಿಕ ಸರಕಾರದವರು ಅಗೆದು, ಉಳಿದ ಆಭರಣಗಳನ್ನೂ ಅಸಂಖ್ಯ ಮಣ್ಣಿನ ಮುದ್ರಿಕೆಗಳನ್ನೂ ಹೊರತೆಗೆದರು. ಅವನ್ನು ಇಡಲು ವಸ್ತುಸಂಗ್ರಹಾಲಯ ಬೇಕಾಯಿತು. ಜನರು ಹಣ ಕೊಟ್ಟರು. ಕೊಟ್ಟವರಿಗೆ ಆ ಮುದ್ರಿಕೆಗಳು ದೊರೆತುವು. 1961ರಲ್ಲಿ ಸಂಗ್ರಹಾಲಯವು ತೆರೆಯಿತು. ಕಳವು ಮಾಡಿದವರೂ ಅದೇ ನೆಲದವರು, ಕಟ್ಟಿಸಿಕೊಟ್ಟವರೂ ಅದೇ ನೆಲದವರು. ಪೂರ್ವಜರ ಮಹಿಮೆ ಇಬ್ಬರಿಗೂ ಸಮಾನವಾಗಿತ್ತು, ಸಮಾನವಾಗಿಲ್ಲದ್ದು ನಡತೆ. ಆದುದರಿಂದ ವಂಶಾಭಿಮಾನವೊಂದೇ ಯಾವ ಶಿಲೆಯನ್ನೂ ಕಾಯುವುದಿಲ್ಲವೆಂದು ತಿಳಿಯಬೇಕು.

ಹಾಸನದ ಜಿಲ್ಲೆಗೆ ಹಿಂದಿರುಗಿದರೆ, ಈ ಮಾತಿಗೆ ಹಲ್ಮಿಡಿಯ ಶಿಲೆಯು ಒಳ್ಳೆಯ ನಿದರ್ಶನ. ಬೇಲೂರು ತಾಲ್ಲೂಕಿನ ಆ ಸಣ್ಣ ಊರಿನ ಶಾಸನವು ಸುಮಾರು 450ರದೆಂದು ವಿದ್ವಾಂಸರು ಎಣಿಸಿರುವರು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಅದಕ್ಕೆ ಅಗ್ರಸ್ಥಾನ. ವೀರನಾದ ವಿಜ ಅರಸನಿಗೆ ಹಲ್ಮಿಡಿ ಮೂಳಿವಳ್ಳಿಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಈ ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕವೆಂದೂ ಇದೆ. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದರು. ಮೂಲ ಶಿಲೆಯನ್ನು ಮೈಸೂರಿಗೆ ಒಯ್ದು ಪುರಾತತ್ತ್ವ ಇಲಾಖೆಯಲ್ಲಿ ಇರಿಸಿದರು. ಊರಿನಲ್ಲಿ ಈಗ ನಿಂತಿರುವುದು ಅದರ ಪ್ರತಿಕೃತಿ.

ಇದು ನ್ಯಾಯವೆ? ಊರಿನವರ ಪಕ್ಷದಲ್ಲಿ ಹೇಳತಕ್ಕ ಮಾತು ಬಲವಾದದ್ದು. ಶಿಲೆಯಲ್ಲಿ ಊರಿನ ಹೆಸರಿದೆ. ಹದಿನೈದು ಶತಮಾನಗಳು ಅದು ಆ ಮಣ್ಣಿನಲ್ಲಿ ಉಳಿದುಕೊಂಡು ಬಂದಿತು. ದೇವಾಲಯದ ಮುಂದೆ ಇಟ್ಟುಕೊಂಡವರೂ ಊರಿನವರೇ. ಬೆಲೆ ತಿಳಿದ ದಿನವೇ ಒಯ್ಯುವುದೆಂದರೆ, ಮಗಳು ವಿದ್ಯಾವತಿಯಾದಳೆಂದು ತವರಿನಿಂದ ಬಿಡಿಸಿಕೊಂಡು ಹೋದಂತೆ. ಇಲಾಖೆಯವರ ಪಕ್ಷವೂ ದುರ್ಬಲವಲ್ಲ. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದುದುಂಟು, ಕಾಲುವೆಗೆ ಅಡ್ಡ ಹಾಸಾದುದುಂಟು, ಮನೆಯ ಮೆಟ್ಟಲಾದುದೂ ಉಂಟು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಒಂದೇ ಸಂಪುಟವಾಗಿ ಅಚ್ಚು ಹಾಕಿಸದೆ ಇದ್ದಿದ್ದರೆ, ಮಳೆ ಬಿಸಿಲುಗಳಲ್ಲಿ ಸವೆದುಹೋಗುವ ಅಕ್ಷರಗಳನ್ನು ಓದುವ ಬಗೆ ಎಲ್ಲಿಯದು?

ಈ ವಿವಾದವು ತೀರದಿರುವುದಕ್ಕೆ ಕಾರಣ, ಪ್ರಶ್ನೆಯನ್ನು ತಪ್ಪಾಗಿ ಕೇಳಿರುವುದು. ಶಿಲೆ ಯಾರದು ಎಂದು ಎರಡು ಪಕ್ಷದವರೂ ಕೇಳುವರು. ಆದರೆ ಆ ಶಿಲೆಗಳೇ ಬೇರೊಂದು ಪ್ರಶ್ನೆಯನ್ನು ಕೇಳುತ್ತಿವೆ. ಹಳೆಯ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳನ್ನು ಬಲ್ಲವರಿಗೆ ಅವುಗಳ ತಾತ್ಪರ್ಯ ಗೊತ್ತು. ದಾನವೂ ದೊಡ್ಡದು, ಪಾಲನೆಯೂ ದೊಡ್ಡದು. ಆದರೆ ಎರಡರಲ್ಲಿ ತಾನು ಕೊಡುವುದಕ್ಕಿಂತ ಇನ್ನೊಬ್ಬನು ಕೊಟ್ಟುದನ್ನು ಕಾಯುವುದೇ ಹೆಚ್ಚು ಶ್ರೇಯಸ್ಕರ ಎಂದು ಅವು ಸಾರುತ್ತವೆ. ಇದು ಮೊದಲ ಕೇಳಿಕೆಗೆ ವಿಚಿತ್ರವಾಗಿ ತೋರುವುದು. ಕೊಡುವವನು ತನ್ನದನ್ನು ಬಿಡುವನು. ಕಾಯುವವನು ಏನನ್ನು ಬಿಟ್ಟನು? ಆದರೆ ಆಲೋಚಿಸಿದರೆ ಮರ್ಮ ತಿಳಿಯುವುದು. ದಾನವು ಒಂದು ದಿನದ ಕೆಲಸ, ಅದಕ್ಕೆ ಹೆಸರುಂಟು, ಶಾಸನವುಂಟು. ಪಾಲನೆಯು ಪ್ರತಿದಿನದ ಕೆಲಸ. ಅದಕ್ಕೆ ಹೆಸರಿಲ್ಲ, ಮುಗಿಯುವ ದಿನವೂ ಇಲ್ಲ. ಕೊಟ್ಟವನ ಕುಲದವನಾಗಿರಬೇಕೆಂಬ ನಿಯಮವೂ ಅದಕ್ಕಿಲ್ಲ. ಮುಂದೆ ಬರುವ ಯಾವ ಅರಸನೇ ಆಗಲಿ, ತನ್ನ ವಂಶದವನಾಗಲಿ ಅನ್ಯವಂಶದವನಾಗಲಿ, ಕಾದವನಿಗೆ ಪುಣ್ಯವೆಂದೇ ಶಾಸನಕಾರರು ಬರೆಯಿಸಿದರು. ಹೀಗೆ ನೋಡಿದರೆ ಶಿಲೆ ಯಾರದೆಂಬ ಪ್ರಶ್ನೆ ಹಿಂದೆ ಸರಿದು, ಕಾಯುವವರು ಯಾರು ಎಂಬ ಪ್ರಶ್ನೆ ಮುಂದೆ ಬರುವುದು. ಸಂಗ್ರಹಾಲಯವು ಕಾಯದಿದ್ದರೆ ಅದಕ್ಕೆ ಹಕ್ಕಿಲ್ಲ. ಊರು ಕಾಯದಿದ್ದರೆ ಊರಿಗೂ ಹಕ್ಕಿಲ್ಲ.

ಕಾಯುವುದು ಇಲಾಖೆಯ ಕೆಲಸವಲ್ಲವೆ, ಅದಕ್ಕಾಗಿ ಕಾನೂನು ಇಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ಇದಕ್ಕೆ ದೊಡ್ಡಗದ್ದವಳ್ಳಿಯು ಉತ್ತರ ಹೇಳುತ್ತದೆ. ಹಾಸನಕ್ಕೆ ಸಮೀಪದ ಆ ಗ್ರಾಮದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ 1114ರ ಸುಮಾರಿಗೆ ಲಕ್ಷ್ಮೀದೇವಿಗೆ ನಾಲ್ಕು ಗರ್ಭಗೃಹಗಳ ಆಲಯವನ್ನು ಕಟ್ಟಿಸಿದರು. ಆರ್. ನರಸಿಂಹಾಚಾರ್ಯರು 1919ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅದು ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕ. ಆದರೂ 2020ರ ನವೆಂಬರಿನಲ್ಲಿ ಅಲ್ಲಿಯ ಕಾಳಿಯ ಮೂರ್ತಿಯು ಒಡೆದು ಬಿದ್ದಿರುವುದು ಕಂಡುಬಂದಿತು. ಒಂಬತ್ತು ಶತಮಾನಗಳನ್ನು ದಾಟಿ ಬಂದುದು, ಪಟ್ಟಿಯೂ ಫಲಕವೂ ಬೀಗವೂ ಇರುವ ಕಾಲದಲ್ಲಿ ಮುರಿಯಿತು. ಕಾನೂನಿನಿಂದ ಅಪರಾಧಿಗೆ ಶಿಕ್ಷೆಯಾಗಬಹುದು; ಮೂರ್ತಿಗೆ ಹಿಂದಿನ ಅಂಗಗಳು ಬರಲಾರವು. ನಿಧಿಯ ಆಸೆಯಿಂದ ಪೀಠವನ್ನು ಅಗೆಯುವ ಮೂಢರಿಗೂ, ಮೋಜಿಗಾಗಿ ಹೆಸರು ಕೆತ್ತುವ ಓದುಬಲ್ಲವರಿಗೂ ಹೆದರಿಕೆಯಾಗುವುದು ದೂರದ ಕಛೇರಿಯಿಂದಲ್ಲ, ಪಕ್ಕದ ಮನೆಯ ಕಣ್ಣಿನಿಂದ.

ಆದರೆ ಆ ಪಕ್ಕದ ಮನೆಯವನಿಂದ ಲೋಕವು ಏನನ್ನು ಕೇಳುತ್ತಿದೆಯೆಂಬುದನ್ನೂ ತಿಳಿಯಬೇಕು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರು ದೂರದವರೆಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಮಗನಿಗೆ ಮದುವೆಯಾಯಿತು, ಒಂದು ಕೋಣೆ ಹೆಚ್ಚಿಗೆ ಬೇಕು; ಮನೆ ದೇವಾಲಯದ ಬೇಲಿಗೆ ಹತ್ತಿರ. ಅವನು ಕಟ್ಟುವಂತಿಲ್ಲ. ದೂರದಿಂದ ಮೋಟಾರಿನಲ್ಲಿ ಬಂದವನು ಒಂದು ಗಳಿಗೆ ನಿಂತು, ಆಹಾ ಎಂದು ತಲೆದೂಗಿ, ಮಧ್ಯಾಹ್ನದ ಊಟಕ್ಕೆ ಹಾಸನಕ್ಕೆ ಹಿಂದಿರುಗುವನು. ಆನಂದವು ನೋಡಿದವನಿಗೆ, ನಷ್ಟವು ಕಾದವನಿಗೆ. ಇದು ಧರ್ಮದ ಲೆಕ್ಕವಲ್ಲ. ನೋಡುವವನು ಈ ಋಣವನ್ನು ಅರಿಯದೆ ಹೊರಟುಹೋದರೆ, ಅವನ ರಸಿಕತೆಯು ಅನ್ಯರ ಖರ್ಚಿನಲ್ಲಿ ಉಂಡ ಊಟವಾಗುವುದು.

ಭಗ್ನವಾದುದೆಲ್ಲ ಪ್ರಾಚೀನವೂ ಅಲ್ಲ, ಒಂದೇ ಮತದ್ದೂ ಅಲ್ಲ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಇಗರ್ಜಿಯಿದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾದಾಗ ಆ ಊರಿನವರು ಮನೆಮಠ ಬಿಟ್ಟು ಹೋಗಬೇಕಾಯಿತು. ನೀರು ಅನೇಕ ತಾಲ್ಲೂಕುಗಳ ಹೊಲಗಳಿಗೆ ಹರಿಯಿತು. ಜಲಾಶಯ ತುಂಬಿದಾಗ ಇಗರ್ಜಿಯು ಅರ್ಧ ಮುಳುಗುವುದು, ಇಳಿದಾಗ ಮೇಲೇಳುವುದು. ಮಾಡಿಲ್ಲದ ಆ ಗೋಡೆಗಳ ಸೊಬಗನ್ನು ನೋಡಲು ಜನ ಬರುವರು. ಅಲ್ಲಿ ನಾಮಕರಣ ಮಾಡಿಸಿಕೊಂಡವರು, ಮದುವೆಯಾದವರು ಇನ್ನೂ ಬದುಕಿರುವರೆಂಬುದು ಬಂದವರಲ್ಲಿ ಎಷ್ಟು ಮಂದಿಗೆ ಹೊಳೆದೀತು? ಹೊಯ್ಸಳೇಶ್ವರನ ಕಂಬಕ್ಕೆ ಗೀರು ಬಿದ್ದರೆ ಕೋಪಗೊಳ್ಳುವವನು ಈ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದರೆ, ಅವನ ಕೋಪವು ಧರ್ಮದಿಂದ ಬಂದುದಲ್ಲ, ಪಕ್ಷಪಾತದಿಂದ ಬಂದುದು.

ಇನ್ನೊಂದು ಆಕ್ಷೇಪಣೆಗೂ ಉತ್ತರ ಕೊಡಬೇಕು. ಬದುಕಿರುವವರಿಗೆ ಅನ್ನ ವಸತಿಗಳು ಸಾಲದಿರುವಾಗ ಒಡೆದ ಕಲ್ಲುಗಳ ಚಿಂತೆ ಏಕೆ ಎಂದು ಕೇಳುವವರು ನಿರ್ದಯರಲ್ಲ, ಕೇಳತಕ್ಕದ್ದನ್ನೇ ಕೇಳುತ್ತಿರುವರು. ಕಲ್ಲಿಗೂ ಮನುಷ್ಯನಿಗೂ ನಿಜವಾಗಿ ಸ್ಪರ್ಧೆ ಬಂದ ಕಡೆ ಮನುಷ್ಯನೇ ಗೆಲ್ಲತಕ್ಕದ್ದು. ಹೇಮಾವತಿಯ ದಂಡೆಯಲ್ಲಿ ಆದುದು ಅದೇ. ಆದರೆ ಅಂತಹ ಸ್ಪರ್ಧೆ ಅಪರೂಪ. ಮೂರ್ತಿಯ ಮೇಲೆ ಕಾಲಿಡದಿದ್ದರೆ ಯಾರ ಅನ್ನವೂ ಕಡಿಮೆಯಾಗುವುದಿಲ್ಲ. ಉಪಯೋಗ ತೀರಿದುದನ್ನು ತುಳಿಯದಿರುವ ಅಭ್ಯಾಸವು ಶಿಲೆಗಳಲ್ಲಿ ಆರಂಭವಾದರೂ ಶಿಲೆಗಳಲ್ಲಿಯೇ ನಿಲ್ಲುವುದಿಲ್ಲ. ದುಡಿದು ಸವೆದ ಮುದುಕರನ್ನೂ ಊನವಾದ ಅಂಗದವರನ್ನೂ ಒಂದು ಮನೆಯವರು ಹೇಗೆ ಕಾಣುವರೆಂಬುದೂ ಅದೇ ಅಭ್ಯಾಸದ ಮೇಲೆ ನಿಂತಿದೆ.

ಇಷ್ಟಾದ ಮೇಲೆ ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಬಹುದು. ದೇವರು ಎದ್ದು ಹೋದ ಮೇಲೆ ಅಲ್ಲಿ ನಿಂತಿರುವವನು ಕಡೆದವನು. ಬೇಲೂರಿನ ಮೂರ್ತಿಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬರೆದರು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೆಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹಾಲಯದ ಮೇಲೆ ಬೈಚೋಜನೂ ಮಲ್ಲಿತಮ್ಮನೂ ಬರೆದರು; ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಕಾಣುವುದು. ಮೂರ್ತಿಯ ತೋಳು ಮುರಿದರೂ ಉಳಿದ ಭುಜದ ತಿರುವಿನಲ್ಲಿ ಉಳಿಯ ಗುರುತು ಇದೆ. ಅದಕ್ಕೆ ಆವಾಹನೆ ಬೇಕಿಲ್ಲ, ವಿಸರ್ಜನೆಯೂ ಇಲ್ಲ. ಅಲ್ಲಿ ಸಲ್ಲಿಸತಕ್ಕದ್ದು ಪೂಜೆಯಲ್ಲ, ಪಾಲನೆ.

ಆ ಪಾಲನೆಯು ವಿದ್ಯಾವಂತರ ಮನೆಗಳಿಗೆ ಅಶಕ್ಯವಾದುದಲ್ಲ. ಮುಟ್ಟದೆ ನೋಡುವುದು, ಮಗುವನ್ನು ಕುಸುರಿಯ ಮೇಲೆ ಕೂರಿಸಿ ಚಿತ್ರ ತೆಗೆಯದಿರುವುದು, ಭಕ್ತಿಯೆಂಬ ಹೆಸರಿನಲ್ಲಿ ಹಳೆಯ ಶಿಲೆಗೆ ಎಣ್ಣೆ ಬಣ್ಣ ಸುಣ್ಣಗಳನ್ನು ಬಳಿಯದಿರುವುದು, ಹೊಲದಲ್ಲಿ ವೀರಗಲ್ಲೋ ಶಾಸನವೋ ಸಿಕ್ಕರೆ ಸುಮ್ಮನೆ ಹೂಳದೆ ತಹಶೀಲ್ದಾರರಿಗೆ ತಿಳಿಸುವುದು, ಮೊಸಳೆ, ಕೋರವಂಗಲ, ನುಗ್ಗೆಹಳ್ಳಿಗಳಂತಹ ಸಮೀಪದ ಊರುಗಳಿಗೂ ಹೋಗಿ, ಬಾಗಿಲು ತೆಗೆದು ತೋರಿಸುವವನ ಕಷ್ಟಸುಖವನ್ನು ವಿಚಾರಿಸಿ ಬರುವುದು. ಇವುಗಳಲ್ಲಿ ಯಾವುದಕ್ಕೂ ಶಾಸನ ಹಾಕಿಸುವವರಿಲ್ಲ.

ಹಳೆಬೀಡಿನ ಅಂಗಳದಲ್ಲಿ ಆ ಹುಡುಗನು ಬೂಟಿನ ದಾರ ಬಿಚ್ಚಿಹೋಯಿತೆಂದು ಹುಲ್ಲಿನ ಮೇಲಿದ್ದ ಒಂದು ಕೆತ್ತನೆಯ ತುಂಡಿನ ಮೇಲೆ ಕಾಲನ್ನು ಊರಿದನು. ಮುದುಕಿಯು, “ಕಾಲು ತೆಗಿ ಮಗು, ಕೆಳಗೆ ಕೂತು ಕಟ್ಟಿಕೋ” ಎಂದಳು. ಕಾರಣವನ್ನು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವನು ಹುಲ್ಲಿನ ಮೇಲೆ ಕುಳಿತು ದಾರ ಕಟ್ಟಿಕೊಂಡನು.